ಹದಿನಾಲ್ಕು ಗೊನೆ, ನೂರೈವತ್ತು ಆನೆ

“ಮೇಷ್ಟ್ರೇ, ಒಸಿ ಇತ್ಲಾಗ ಬನ್ನಿ. ಈ ಚೀಟಿ ನಿಮ್ಗಾದ್ರೂ ಓದಕಾಯ್ತದಾ ನೋಡಿ.”

ಕತ್ತಾಳೆ ಬೇಲಿಯ ಆಚೆಯಿಂದ ಅಕ್ಕ ಕರೆದರು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ನಮ್ಮಿಬ್ಬರ ಮನೆ. ಈಚೆ ನನ್ನ ಹಿತ್ತಿಲು, ಆಚೆ ಅವರ ಬಾಳೆತೋಟ. ಶ್ರಾವಣದ ಮಳೆ ಅಂದು ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಹಿಂದಿನ ದಿನ ಅವರ ಮೊಮ್ಮಗ ಗೂಡ್ಸ್ ಆಟೊದಲ್ಲಿ ಗೊನೆ ಹೇರಿಕೊಂಡು ಹೋಗಿ ಮಾರಿ ಬಂದಿದ್ದ. ಜೇಬಿನಲ್ಲಿದ್ದ ಚೀಟಿ ದಾರಿಯಲ್ಲಿ ನೆನೆದು ಶಾಯಿಯೆಲ್ಲ ಹರಡಿಹೋಗಿತ್ತು. ಉಳಿದು ಕಾಣುತ್ತಿದ್ದದ್ದು ಎರಡೇ ಅಂಕಿ: ಒಟ್ಟು ಗೊನೆ 40, ಒಟ್ಟು ಹಣ 9,400. ದರ ಹುಡುಗನಿಗೆ ನೆನಪಿತ್ತು. ಏಲಕ್ಕಿ ಗೊನೆಗೆ 300 ರೂಪಾಯಿ, ಪಚ್ಚಬಾಳೆಗೆ 200. ಯಾವುದು ಎಷ್ಟು ಗೊನೆ ಹೋಯಿತೆಂಬುದೇ ಅಳಿಸಿಹೋಗಿತ್ತು. ಏಲಕ್ಕಿ ಬಾಳೆ ಅಕ್ಕನಿಗೂ ಅವರ ತಂಗಿಗೂ ಪಾಲಿನದು. ಸಂಜೆಗೆ ತಂಗಿ ಬಂದು ಲೆಕ್ಕ ಕೇಳುತ್ತಾರೆ.

ಹೈದ ಹತ್ತನೆಯ ತರಗತಿ. ಜಗಲಿಯ ಮೇಲೆ ಕೂತು ನೋಟ್‌ಬುಕ್ ತೆಗೆದೇಬಿಟ್ಟ. ನಾನು ಬೇಲಿಯ ಈಚೆಯಿಂದ, “ಗೊತ್ತಿಲ್ಲದ್ದಕ್ಕೆ ಮೊದಲು ಒಂದು ಹೆಸರು ಇಡಪ್ಪ” ಎಂದೆ. ಅವನು ಏಲಕ್ಕಿಗೆ ಒಂದಕ್ಷರ, ಪಚ್ಚಬಾಳೆಗೆ ಒಂದಕ್ಷರ ಇಟ್ಟು ಎರಡು ಸಮೀಕರಣ ಬರೆಯುವಷ್ಟರಲ್ಲಿ ಅಕ್ಕ ಬಾಯಲ್ಲೇ ಹೇಳಿದರು:

“ಎಲ್ಲಾನೂ ಪಚ್ಚಬಾಳೇನೇ ಅಂದ್ಕಳಿ. ನಲ್ವತ್ತು ಗೊನಗ ಎಂಟು ಸಾವ್ರ ಆಗ್ಬೇಕಿತ್ತು. ಬಂದಿರದು ಒಂಬತ್ತು ಸಾವ್ರದ ನಾನೂರು. ಹೆಚ್ಗ ಬಂದ ಸಾವ್ರದ ನಾನೂರು ಏಲಕ್ಕಿದು. ಒಂದೊಂದು ಏಲಕ್ಕಿ ಗೊನಗ ನೂರು ಹೆಚ್ಚು. ಅಲ್ಲಿಗ ಹದಿನಾಕು.”

ಹುಡುಗ ಅರ್ಧ ಪುಟ ತುಂಬಿಸಿ ಅದೇ 14ಕ್ಕೆ ಬಂದು ನಿಂತ. ಅಜ್ಜಿ ಶಾಲೆಗೆ ಹೋದವರಲ್ಲ. ಅವನ ಮುಖ ಸಣ್ಣದಾಯಿತು. ಅಷ್ಟೆಲ್ಲ ಬರೆದದ್ದು ದಂಡವೇ ಎಂದು ಅವನಿಗೆ ಅನಿಸಿದ್ದು ನನಗೆ ಕಂಡಿತು. ಅದಕ್ಕೇ ನೋಟ್‌ಬುಕ್ ಈಚೆಗೆ ಕೊಡಿಸಿಕೊಂಡು ಅವನು ಬರೆದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಏಲಕ್ಕಿ ‘ಯಾ’ ಗೊನೆ ಎನ್ನಿ. ಪಚ್ಚಬಾಳೆ ಎಷ್ಟು ಎಂದು ಬೇರೆ ಕೇಳಬೇಕಾಗಿಲ್ಲ, 40ರಲ್ಲಿ ‘ಯಾ’ ಕಳೆದಷ್ಟು. ಎರಡನೆಯ ಸಮೀಕರಣದಲ್ಲಿ ಪಚ್ಚಬಾಳೆಯ ಅಕ್ಷರ ಇದ್ದ ಜಾಗದಲ್ಲಿ ಈ ‘40 − ಯಾ’ ಕೂರಿಸಿದರೆ 300ಯಾ + 200(40 − ಯಾ) = 9,400. ಬಿಡಿಸಿದರೆ 8,000 + 100ಯಾ = 9,400.

“ನೋಡು, ನಿಮ್ಮಜ್ಜಿ ಹೇಳಿದ ಎಂಟು ಸಾವಿರ ಇಲ್ಲಿದೆ. ಒಂದೊಂದಕ್ಕೆ ನೂರು ಹೆಚ್ಚು ಅಂದರಲ್ಲ, ಆ ನೂರು ಇಲ್ಲಿದೆ.”

ಪಠ್ಯಪುಸ್ತಕ ಇದನ್ನು ಆದೇಶ ವಿಧಾನ ಎನ್ನುತ್ತದೆ. ಒಂದು ಗುಟ್ಟನ್ನು ಇನ್ನೊಂದರ ಮೂಲಕ ಹೇಳಿ, ಎರಡು ತಿಳಿಯದವುಗಳಲ್ಲಿ ಒಂದನ್ನು ಕಡಿಮೆ ಮಾಡಿಕೊಳ್ಳುವುದೇ ಅದರ ಜೀವಾಳ. ಅಕ್ಕ ‘ಎಲ್ಲಾನೂ ಪಚ್ಚಬಾಳೇನೇ ಅಂದ್ಕಳಿ’ ಎಂದಾಗ ಮಾಡಿದ್ದೂ ಅದನ್ನೇ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಇಷ್ಟಕರ್ಮ ಎಂಬ ಕ್ರಮ ಇದೆ. ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಇಟ್ಟುಕೊಂಡು ಹೊರಟು, ಬಂದ ಉತ್ತರಕ್ಕೂ ಬರಬೇಕಾದ ಉತ್ತರಕ್ಕೂ ಇರುವ ಪ್ರಮಾಣ ನೋಡಿ ಸರಿಪಡಿಸಿಕೊಳ್ಳುವುದು. ಅಕ್ಕನ ದಾರಿ ಅದಕ್ಕೆ ದಾಯಾದಿ. ಸಂತೆಯಲ್ಲಿ ಬಾಳಿದವರಿಗೆ ಇದು ಪುಸ್ತಕ ಇಲ್ಲದೆಯೇ ಒಲಿಯುತ್ತದೆ.

“ಅದೇನು ಮೇಷ್ಟ್ರೇ, ಯಾ? ನಮ್ಮ ಹೈದ ಎಕ್ಸು ಅಂತಾನ, ನೀವು ಯಾ ಅಂತೀರಿ.”

ಈ ಪ್ರಶ್ನೆ ಕೇಳಿದಾಗ ನನಗೆ ಆಗುವ ಸಂತೋಷ ಹೇಳತೀರದು. ನಮ್ಮ ಹಳೆಯ ಗಣಿತಜ್ಞರು ತಿಳಿಯದ ಸಂಖ್ಯೆಯನ್ನು ಅವ್ಯಕ್ತ ಎಂದರು. ಮೊದಲನೆಯ ಅವ್ಯಕ್ತಕ್ಕೆ ಇಟ್ಟ ಹೆಸರು ಯಾವತ್ತಾವತ್, ಎಂದರೆ ‘ಎಷ್ಟಿದೆಯೋ ಅಷ್ಟು’. ಅದರ ಮೊದಲಕ್ಷರವೇ ‘ಯಾ’. ಎಷ್ಟೆಂದು ಗೊತ್ತಿಲ್ಲ, ಆದರೆ ಇದ್ದಷ್ಟು ಇದೆ, ಇರಲಿ, ಅದರ ಜತೆಯಲ್ಲೇ ಕೆಲಸ ನಡೆಸೋಣ ಎನ್ನುವ ಧೈರ್ಯ ಆ ಹೆಸರಿನಲ್ಲಿದೆ. ಎರಡನೆಯ ಅವ್ಯಕ್ತ ಬಂದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ, ಲೋಹಿತಕ; ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಕಾ, ನೀ, ಪೀ, ಲೋ. ಭಾಸ್ಕರಾಚಾರ್ಯರ ಬೀಜಗಣಿತ ಸುಮಾರು 1150ರದು, ಅದರ ತುಂಬ ಈ ಬಣ್ಣಗಳೇ. ಎಕ್ಸ್, ವೈ, ಝಡ್ ರೂಢಿಗೆ ಬಂದದ್ದು 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಬರೆದ ಜ್ಯಾಮಿತಿಯ ಪುಸ್ತಕದಿಂದ ಈಚೆಗೆ.

ಊಟಿ ರಸ್ತೆಯ ಆಚೀಚೆ ಶ್ರಾವಣದಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿ ನಿಲ್ಲುತ್ತವೆ. ಕೇರಳದ ಕಾರುಗಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಆ ಹಳದಿ ಕಂಡಾಗಲೆಲ್ಲ ನನಗೆ ಪೀತಕ ನೆನಪಾಗುತ್ತದೆ. ಎಷ್ಟು ಹೂ ಎಂದು ಯಾರೂ ಎಣಿಸಿಲ್ಲ, ಎಷ್ಟಿದೆಯೋ ಅಷ್ಟು.

ಮಕ್ಕಳು ಗಣಿತದಲ್ಲಿ ಬಿದ್ದುಹೋಗುವುದು ಈ ಅಕ್ಷರ ಬಂದ ಜಾಗದಲ್ಲೇ. ಏಳನೆಯ ತರಗತಿಯವರೆಗೆ ಲೆಕ್ಕದಲ್ಲಿ ಮುಂದಿದ್ದ ಕೂಸು, ಅಕ್ಷರ ಕಂಡ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕೂತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ‘ಆ ಕಡೆಯಿಂದ ಈ ಕಡೆಗೆ ತಂದರೆ ಚಿಹ್ನೆ ಬದಲಾಗುತ್ತದೆ’ ಎಂದು ಮಂತ್ರದ ಹಾಗೆ ಹೇಳಿಕೊಟ್ಟರೆ ಹೀಗೇ ಆಗುವುದು. ಏನೂ ಜಿಗಿಯುವುದಿಲ್ಲ, ಏನೂ ಬದಲಾಗುವುದಿಲ್ಲ. ತಕ್ಕಡಿಯ ಎರಡು ತಟ್ಟೆಯಿಂದಲೂ ಒಂದೇ ತೂಕ ತೆಗೆಯುತ್ತೇವೆ, ಅಷ್ಟೆ. 8,000 ರೂಪಾಯಿಯನ್ನು ಎರಡೂ ಕಡೆಯಿಂದ ತೆಗೆದಿಟ್ಟರೆ 100ಯಾ = 1,400 ಉಳಿಯಿತು. ಬಾಗ್ದಾದಿನ ಅಲ್ ಖ್ವಾರಿಜ್ಮಿ ಒಂಬತ್ತನೆಯ ಶತಮಾನದಲ್ಲಿ ಬರೆದ ಪುಸ್ತಕದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಮಾತಿನಿಂದಲೇ ಆಲ್ಜಿಬ್ರ ಬಂದದ್ದು. ಅದರ ಅರ್ಥವೂ ಮುರಿದದ್ದನ್ನು ಕೂಡಿಸಿ ಸರಿಮಾಡುವುದು ಎಂದೇ.

ಹೈದನ ತೊಡಕು ಬೇರೆ ಇತ್ತು. “ಇದು ಬತ್ತದ ಸಾರ್, ವರ್ಗ ಸಮೀಕರಣ ಬರಲ್ಲ” ಎಂದ. ಕಣ್ಣೆದುರು ತೋಟವೇ ಇತ್ತಲ್ಲ. ಹೋದ ವರ್ಷ ಅಕ್ಕ ಹೊಸದಾಗಿ ನೆಟ್ಟದ್ದು 180 ಕಂದು. ಸಾಲುಗಳು ಎಷ್ಟಿವೆಯೋ ಅದಕ್ಕಿಂತ ಮೂರು ಹೆಚ್ಚು ಗಿಡ ಪ್ರತಿ ಸಾಲಿನಲ್ಲಿ. ಸಾಲು ಎಷ್ಟು? ಅವನು ಸರಿಯಾಗಿಯೇ ಯಾ(ಯಾ + 3) = 180 ಎಂದು ಬರೆದ. ಆಮೇಲೆ, ‘ಯಾ = 180, ಇಲ್ಲವೆ ಯಾ + 3 = 180’ ಎಂದು ಬರೆದು ಪೆನ್ನು ಕಚ್ಚುತ್ತ ಕೂತ.

ಈ ತಪ್ಪನ್ನು ನಾನು ಮೂವತ್ತು ವರ್ಷ ತಿದ್ದಿದ್ದೇನೆ, ಒಂದು ದಿನವೂ ಬೇಸರವಾಗಿಲ್ಲ. ಏಕೆಂದರೆ ಇದರ ಹಿಂದೆ ಸೊನ್ನೆಯ ಬಲು ಚೆಂದದ ಗುಣ ಅಡಗಿದೆ. ಎರಡು ಸಂಖ್ಯೆ ಗುಣಿಸಿ 180 ಬಂತು ಎಂದರೆ ಆ ಸಂಖ್ಯೆಗಳ ಬಗ್ಗೆ ಏನೂ ಹೇಳಿದಂತಾಗಲಿಲ್ಲ. 10 × 18 ಇರಬಹುದು, 9 × 20 ಇರಬಹುದು, ಅರ್ಧ ಮುಕ್ಕಾಲುಗಳೂ ಇರಬಹುದು. ಆದರೆ ಗುಣಿಸಿ ಸೊನ್ನೆ ಬಂತು ಎಂದರೆ ಇಬ್ಬರಲ್ಲಿ ಒಬ್ಬರು ಸೊನ್ನೆಯಾಗಿಯೇ ಇರಬೇಕು, ಬೇರೆ ದಾರಿಯೇ ಇಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆಗೆ ಕೂಡಿಸಿ ಇನ್ನೊಂದು ಕಡೆ ಸೊನ್ನೆ ಉಳಿಸಿಕೊಳ್ಳುವುದು. ಸೊನ್ನೆಯ ಜತೆ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದರು. ಗುಣಕಗಳಾಗಿ ಒಡೆದು ಸೊನ್ನೆಗೆ ಸಮ ಮಾಡಿ ಬಿಡಿಸುವ ಈ ಅಪವರ್ತನ ವಿಧಾನ ಮಾತ್ರ ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಕುದುರಿದ್ದು.

ಯಾ² + 3ಯಾ − 180 = 0. ಗುಣಿಸಿದರೆ 180, ಕಳೆದರೆ 3 ಬರುವ ಜೋಡಿ ಬೇಕು. ಅಕ್ಕ ತಮ್ಮ ತೋಟದ ಕಡೆಗೊಮ್ಮೆ ನೋಡಿ, “ಹನ್ನೆರಡ್ ಹದಿನೈದ್ಲ” ಎಂದರು. (ಯಾ + 15)(ಯಾ − 12) = 0. ಯಾ 12, ಇಲ್ಲವೆ −15. ಹನ್ನೆರಡು ಸಾಲು, ಸಾಲಿಗೆ ಹದಿನೈದು ಗಿಡ. ಕಳೆ 15 ಸಾಲು ನೆಡಲು ಯಾವ ತೋಟದಲ್ಲೂ ಆಗದು.

ಮಾತು ಬಾಳೆಯಿಂದ ಆನೆಗೆ ಹೋಗುವುದಕ್ಕೆ ಈ ಸೀಮೆಯಲ್ಲಿ ಹೊತ್ತು ಬೇಕಿಲ್ಲ. ಬಂಡೀಪುರದ ಅಂಚಿನ ಊರುಗಳಲ್ಲಿ ಕಂದಕ ತೋಡಿದರೂ ಬೇಲಿ ಹಾಕಿದರೂ ಬಾಳೆಯ ವಾಸನೆಗೆ ಆನೆ ಬರುತ್ತದೆ. ಅಕ್ಕನ ತವರು ಕಾಡಂಚಿನಲ್ಲಿ. ಆನೆ ನುಗ್ಗಿದ ರಾತ್ರಿಗಳ ಕಥೆ ಅವರು ಹೇಳತೊಡಗಿದಾಗ ನನಗೆ ಮಹಾವೀರಾಚಾರ್ಯರ ಆನೆಗಳು ನೆನಪಾದವು.

ಮಹಾವೀರಾಚಾರ್ಯರು ನಮ್ಮ ನಾಡಿನವರು. ಒಂಬತ್ತನೆಯ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಆ ರಾಜನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ಇಂದು ದೊರೆಯುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅದೇ ಆಸ್ಥಾನದಲ್ಲಿ. ಸುಮಾರು 850ರ ಹೊತ್ತಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರರು ಅದರ ಆರಂಭದಲ್ಲಿ ಆ ರಾಜನನ್ನು ಹೊಗಳಿದ್ದಾರೆ. ಕನ್ನಡದ ಮಾತಿನಲ್ಲೇ ಗಣಿತ ಬರೆದವರು ಹನ್ನೆರಡನೆಯ ಶತಮಾನದ ರಾಜಾದಿತ್ಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಅವರವು. ಇಬ್ಬರೂ ಜೈನರು. ಜೈನರ ಕ್ಷೇತ್ರವಾದ ಮಲೆಯೂರಿನ ಕನಕಗಿರಿ ಇರುವುದು ನಮ್ಮ ಚಾಮರಾಜನಗರ ತಾಲ್ಲೂಕಿನಲ್ಲೇ, ಆ ಬೆಟ್ಟ ಹತ್ತುವಾಗಲೆಲ್ಲ ಈ ಇಬ್ಬರನ್ನು ನೆನೆಯುತ್ತೇನೆ. ‘ಗಣಿತಸಾರಸಂಗ್ರಹ’ವನ್ನು ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಕನ್ನಡಕ್ಕೆ ಪದ್ಮಾವತಮ್ಮನವರು ತಂದರು, 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಒಂದೊಂದು ಹೈಸ್ಕೂಲಿನ ಕಪಾಟಿನಲ್ಲೂ ಅದು ಇರಬೇಕೆಂದು ನನ್ನ ಆಸೆ.

  

ಇರಲಿ, ಆನೆಗೆ ಬರೋಣ. ಮಹಾವೀರರ ಪುಸ್ತಕದ ಪ್ರಕೀರ್ಣಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಬರುವ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೈದನಿಗೆ ಹೇಳಿದೆ. ಕಾಡಿನಲ್ಲಿ ಆನೆಯ ಹಿಂಡು. ಹಿಂಡನ್ನು ಮೂರು ಪಾಲು ಮಾಡಿ ಎರಡು ಪಾಲಿನ ವರ್ಗಮೂಲ ತೆಗೆದು, ಅದರ ಒಂಬತ್ತು ಪಟ್ಟು ಆನೆ ಒಂದು ಕಡೆ ಕಂಡವು. ಉಳಿದವನ್ನು ಐದು ಪಾಲು ಮಾಡಿ ಮೂರು ಪಾಲಿನ ವರ್ಗಮೂಲ ತೆಗೆದರೆ ಅದರ ಆರು ಪಟ್ಟು ಇನ್ನೊಂದು ಕಡೆ. ಕೊನೆಗೆ ಮದಜಲದಿಂದ ತೊಯ್ದ ಗಂಡಸ್ಥಲದ 24 ಆನೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಹುಡುಗ ಒಟ್ಟು ಹಿಂಡಿಗೆ ‘ಯಾ’ ಎಂದಿಟ್ಟ. ವರ್ಗಮೂಲದೊಳಗೆ ವರ್ಗಮೂಲ ಸಿಕ್ಕಿಕೊಂಡು ಪುಟ ಗೋಜಲಾಯಿತು. “ತುದಿಯಿಂದ ಬಾ” ಎಂದೆ. ಕೊನೆಯ 24 ಕಣ್ಣಿಗೆ ಕಂಡದ್ದು, ಅಲ್ಲಿಂದ ಹಿಂದಕ್ಕೆ ನಡೆ. ಮತ್ತೆ, ಹೆಸರನ್ನು ಆನೆಗೆ ಇಡಬೇಡ, ಆ ವರ್ಗಮೂಲಕ್ಕೇ ಇಡು.

ಈ ಸಣ್ಣ ಮಾತಿನಲ್ಲಿ ಆದೇಶದ ಅರ್ಧ ಜಾಣ್ಮೆ ಇದೆ. ತೊಡಕು ಎಲ್ಲಿದೆಯೋ ಅದಕ್ಕೇ ಹೆಸರಿಟ್ಟರೆ ತೊಡಕು ಸಡಿಲವಾಗುತ್ತದೆ. ಮೊದಲ ಗುಂಪು ಹೋದ ಮೇಲೆ ಉಳಿದವುಗಳ ಐದರಲ್ಲಿ ಮೂರು ಪಾಲಿನ ವರ್ಗಮೂಲ ‘ನೀ’ ಎನ್ನೋಣ. ಆಗ ಉಳಿದವು 5ನೀ²/3. ಅದರಲ್ಲಿ 6ನೀ ಹೋಗಿ 24 ಉಳಿದವು. ಮೂರರಿಂದ ಗುಣಿಸಿದರೆ 5ನೀ² − 18ನೀ − 72 = 0. ನಡುವಿನ −18ನ್ನು −30 ಮತ್ತು +12 ಎಂದು ಒಡೆದರೆ (ನೀ − 6)(5ನೀ + 12) = 0. ನೀ 6, ಉಳಿದ ಆನೆ 60. ಹುಡುಗ ಇಷ್ಟನ್ನು ತಾನೇ ಮಾಡಿದ. ನಡುವೆ ಎರಡು ಸಲ ಅಳಿಸಿದ, ನಾನು ಬಾಯಿ ಹಾಕಲಿಲ್ಲ.

ಇನ್ನೊಂದು ಹೆಜ್ಜೆ. ಇಡೀ ಹಿಂಡಿನ ಮೂರರಲ್ಲಿ ಎರಡು ಪಾಲಿನ ವರ್ಗಮೂಲ ‘ಕಾ’ ಆಗಲಿ. ಹಿಂಡು 3ಕಾ²/2. ಅದರಲ್ಲಿ 9ಕಾ ಹೋದರೆ 60. ಸರಿಮಾಡಿದರೆ ಕಾ² − 6ಕಾ − 40 = 0, ಎಂದರೆ (ಕಾ − 10)(ಕಾ + 4) = 0. ಕಾ 10 ಆದರೆ ಹಿಂಡು 150. ಕಾ −4 ಆದರೆ, ವರ್ಗ 16, ಹಿಂಡು 24.

ಹುಡುಗ ತಲೆಯೆತ್ತಿ, “ಸಾರ್, ಎರಡು ಉತ್ತರ ಬತ್ತಾವ. ಇಪ್ಪತ್ನಾಕೂ ಆನೇನೇ ಅಲ್ವಾ?” ಎಂದ.

ಬಾಳೆಯ ಸಾಲಿನ ಲೆಕ್ಕದಲ್ಲಿ ಸುಳ್ಳು ಉತ್ತರ ತನ್ನ ಮೈಮೇಲೆ ಕಳೆ ಚಿಹ್ನೆ ಹೊತ್ತುಕೊಂಡೇ ಬಂದಿತ್ತು, ನೋಡಿದ ಕೂಡಲೇ ಹೊರಗೆ ಕಳಿಸಿದ್ದೆವು. ಇದು ಹಾಗಲ್ಲ. 24 ಪೂರ್ಣಾಂಕ, ಧನ ಸಂಖ್ಯೆ, ಮೇಲಾಗಿ ಲೆಕ್ಕದೊಳಗೇ ಇರುವ ಅಂಕಿ. ನಿಜದ ಉತ್ತರದ ಪಕ್ಕದಲ್ಲಿ ಎಷ್ಟು ಗೌರವಸ್ಥನಂತೆ ನಿಂತಿದೆ! ವರ್ಗಮೂಲದ ಜಾಗದಲ್ಲಿ ಒಂದು ಅಕ್ಷರ ಕೂರಿಸಿ ಅದನ್ನು ವರ್ಗ ಮಾಡಿಕೊಂಡಾಗ ಧನ ಯಾವುದು ಋಣ ಯಾವುದು ಎಂಬ ಗುರುತು ಅಳಿಸಿಹೋಗುತ್ತದೆ. ಆ ಸಂದಿನಿಂದ ಒಳಗೆ ಬಂದದ್ದು ಇದು. ನಮ್ಮ ಅಜ್ಜಿಯರ ಮಾತಿನಲ್ಲಿ ಹೇಳಬೇಕಾದರೆ, ಇಲ್ಲಿ ತಾಳೆ ನೋಡಲೇಬೇಕು.

“24ನ್ನು ಆನೆಗಳ ಹತ್ತಿರ ವಾಪಸು ತಗೊಂಡು ಹೋಗು” ಎಂದೆ. ಮೂರರಲ್ಲಿ ಎರಡು ಪಾಲು 16. ವರ್ಗಮೂಲ 4. ಅದರ ಒಂಬತ್ತು ಪಟ್ಟು 36. ಇಪ್ಪತ್ನಾಲ್ಕರ ಹಿಂಡಿನಿಂದ ಮೂವತ್ತಾರು ಆನೆ ಒಂದು ಕಡೆ ಹೋಗುವುದು ಹೇಗೆ? ಹುಡುಗ ತಾನೇ ಅದರ ಮೇಲೆ ಗೀಟು ಎಳೆದ. ಆಮೇಲೆ 150: ಮೂರರಲ್ಲಿ ಎರಡು ಪಾಲು 100, ವರ್ಗಮೂಲ 10, ಒಂಬತ್ತು ಪಟ್ಟು 90. ಉಳಿದವು 60. ಐದರಲ್ಲಿ ಮೂರು ಪಾಲು 36, ವರ್ಗಮೂಲ 6, ಆರು ಪಟ್ಟು 36. ಉಳಿದವು 24. ಕೊನೆಯ 24 ಬರೆಯುವಾಗ ಅವನ ಕೈ ಅಕ್ಷರ ದೊಡ್ಡದಾಯಿತು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಮಾನ್ಯಖೇಟದ ಆಸ್ಥಾನವನ್ನು ನೆನೆದು ಒಬ್ಬರು ಕಟ್ಟಿದ ಗಂಟನ್ನು ಗುಂಡ್ಲುಪೇಟೆಯ ಜಗಲಿಯ ಮೇಲೆ ಹದಿನೈದರ ಹುಡುಗ ಬಿಚ್ಚಿದ. ನನಗೆ ಗಂಟಲು ಕಟ್ಟಿತು.

ಪರೀಕ್ಷೆಯಲ್ಲಿ ಹೊತ್ತಿಲ್ಲವೆಂದು ಈ ತಾಳೆ ನೋಡುವುದನ್ನೇ ಮೊದಲು ಬಿಡಿಸುತ್ತಾರೆ. ಉತ್ತರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಓಡಿಸುತ್ತಾರೆ. ಇದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅಂಕ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಬಂದ ಉತ್ತರವನ್ನು ಹೊರಟ ಜಾಗಕ್ಕೆ ಒಯ್ದು ನೋಡಿದ ಮಗುವಿಗೆ ಲೆಕ್ಕ ತನ್ನದಾಗುತ್ತದೆ, ಪುಸ್ತಕದ ಹಿಂದಿನ ಪುಟ ತಿರುವಿ ಯಾರನ್ನೂ ಕೇಳಬೇಕಾಗುವುದಿಲ್ಲ.

ನಾವು ಆನೆಯಲ್ಲಿ ಮುಳುಗಿದ್ದಾಗ ಅಕ್ಕ ಎದ್ದು ಹೋದದ್ದು ಗೊತ್ತಾಗಲಿಲ್ಲ. ನೋಡಿದರೆ ತೋಟದೊಳಗೆ, ಏಲಕ್ಕಿ ಬಾಳೆಯ ಮಗ್ಗುಲಿನಲ್ಲಿ, ಕೈಯಲ್ಲಿ ಕುಡುಗೋಲು ಹಿಡಿದು ಒಂದೊಂದೇ ಬುಡ ಮುಟ್ಟುತ್ತ ಹೋಗುತ್ತಿದ್ದಾರೆ. ಗೊನೆ ಕಡಿದ ಬಾಳೆಯ ಬುಡ ಹಸಿಯಾಗಿ ಬೆಳ್ಳಗೆ ಕಾಣುತ್ತದೆ, ಹಳೆಯದು ಕಪ್ಪಾಗಿರುತ್ತದೆ. ಹೊಸದಾಗಿ ಕಡಿದ ಬುಡಗಳನ್ನು ಅವರು ಎಣಿಸುತ್ತಿದ್ದರು. ಬೇಲಿಯ ಹತ್ತಿರ ಬಂದಾಗ ಮುಖದಲ್ಲಿ ಗೊಂದಲವಿತ್ತು.

“ಹದಿನೈದು ಅವ ಮೇಷ್ಟ್ರೇ. ನಿಮ್ಮ ಲೆಕ್ಕಾನೂ ಹದಿನಾಕು, ನಂದೂ ಹದಿನಾಕು. ಬುಡ ಹದಿನೈದು.”

ಹುಡುಗ ನೋಟ್‌ಬುಕ್ ತಿರುವಿ ಮೂರನೆಯ ಸಾಲನ್ನು ಮತ್ತೆ ಬಿಡಿಸಿದ. 14 ಗೊನೆಗೆ 4,200, ಉಳಿದ 26ಕ್ಕೆ 5,200, ಕೂಡಿದರೆ 9,400. ತಪ್ಪಿರಲಿಲ್ಲ. ಮೂವರೂ ಸುಮ್ಮನೆ ನಿಂತೆವು. ಅಕ್ಕನೇ ತಟ್ಟನೆ ಹಣೆ ಮುಟ್ಟಿಕೊಂಡರು.

“ಶನಿವಾರ ಬೆಟ್ಟಕ ಒಂದು ಗೊನ ಕಳಿಸಿದ್ನಲ್ಲ, ಗೋಪಾಲಸ್ವಾಮಿಗ!”

ಹುಡುಗ ಪೆನ್ನು ತೆಗೆದು, ಪುಟದ ಕೆಳಗೆ ‘ಮಾರಿದ್ದು 14, ಬೆಟ್ಟಕ್ಕೆ 1’ ಎಂದು ಬರೆದ. ಅಜ್ಜಿ ಆ ಹಾಳೆಯನ್ನು ಹರಿಸಿಕೊಂಡು, ತಂಗಿಗೆ ತೋರಿಸಲು ಸೆರಗಿಗೆ ಗಂಟು ಹಾಕಿಕೊಂಡರು.